ಹನ್ನೊಂದು ಕೆಜಿ ಮೆಣಸಿನ ಆ್ಯಪ್

ಜನವರಿಯಲ್ಲಿ ಶಾಂತಳ್ಳಿ ಜಾತ್ರೆಗೆ ಅಂತ ಊರಿಗೆ ಹೋಗಿದ್ದೆ. ಅಂಗಳದ ತುಂಬಾ ಕಾಫಿ ಹಣ್ಣು ಒಣಗುತ್ತಿತ್ತು. ಅಪ್ಪ ಅದನ್ನು ಹಲಗೆಯಲ್ಲಿ ಎಳೆದು ಎಳೆದು ತಿರುವುತ್ತಿದ್ದ. ನಾನು ಕಿಟಕಿ ಹತ್ತಿರ ಕೂತಿದ್ದೆ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಆ ಒಂದು ಕಿಟಕಿಯಲ್ಲಿ ಮಾತ್ರ. ಆಗ ಫೋನ್ ಬಂತು.

"ಮ್ಯಾಮ್, ನರ್ಸಿಂಗ್ ಫುಲ್ ಪ್ಯಾಕ್. 14,999 ರೂಪಾಯಿಯದ್ದು, ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ 6,999ಕ್ಕೆ. ಇಎಂಐ ಕೂಡ ಮಾಡಿಕೊಡ್ತೀವಿ."

ಸಂಜೆ ಹೇಳುತ್ತೇನೆ ಅಂತ ಇಟ್ಟೆ. ಅಪ್ಪನಿಗೆ ಕೇಳಿಸಿತ್ತು. "ಏನಂತೆ?" ಅಂದ. ಓದೋಕೆ ಒಂದು ಆ್ಯಪ್, ಇಷ್ಟಾಗುತ್ತದೆ ಅಂದೆ. ಅಪ್ಪ ಒಂದು ಸಲ ಅಟ್ಟದ ಕಡೆ ನೋಡಿದ. ರೇಟು ಬರಲಿ ಅಂತ ಹೋದ ವರ್ಷದ ಮೆಣಸನ್ನು ಎರಡು ಮೂಟೆ ಅಲ್ಲಿ ಕಟ್ಟಿ ಇಟ್ಟಿದ್ದ. ಆಗ ಸೋಮವಾರಪೇಟೆಯಲ್ಲಿ ಮೆಣಸು ಕೆಜಿಗೆ 600ರ ಮೇಲೆ ಇತ್ತು.

"ಹನ್ನೊಂದು ಕೆಜಿ," ಅಂದ ಅಪ್ಪ.

ಅವನ ಲೆಕ್ಕ ಯಾವತ್ತೂ ಹೀಗೇ. ನನ್ನ ಫೋನು, ಅಣ್ಣನ ಬೈಕಿನ ಟೈರು, ಅಮ್ಮನ ಕನ್ನಡಕ, ಎಲ್ಲವನ್ನೂ ಮೆಣಸಿನಲ್ಲೇ ತೂಗುತ್ತಾನೆ. ಆಮೇಲೆ ಹಲಗೆ ಎತ್ತಿಕೊಂಡು, "ಬೇಕಿದ್ರೆ ತಗೋ ಪುಟ್ಟಿ, ಓದೋಕೆ ತಾನೇ," ಅಂದ. ಆ "ಓದೋಕೆ ತಾನೇ" ನನ್ನನ್ನು ಕುಟುಕಿದ್ದು. ಓದಿನ ಖರ್ಚಿಗೆ ನಮ್ಮ ಮನೆಯಲ್ಲಿ ಯಾರೂ ಬೇಡ ಅಂದಿಲ್ಲ. ಹಾಗಾಗಿ ಬೇಕೋ ಬೇಡವೋ ಅಂತ ನಾನೇ ನೋಡಬೇಕಿತ್ತು.

ಒಂದು ಸಲ ನೋಡದೆ ಕೈ ಸುಟ್ಟುಕೊಂಡೂ ಇದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಬಿ.ಎಸ್ಸಿ ನರ್ಸಿಂಗ್, ಎರಡನೇ ವರ್ಷ. ಹಾಸ್ಟೆಲ್ ಮಡಿಕೇರಿಯಲ್ಲಿ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಸೈನ್ಸ್ ತಗೊಂಡು ಹೇಗೋ ದಾಟಿದೆ. ಇಲ್ಲಿಗೆ ಬಂದ ಮೇಲೆ ಮೊದಲ ಸೆಮಿಸ್ಟರ್‌ನಲ್ಲೇ ಅನಾಟಮಿ, ಫಿಸಿಯಾಲಜಿ, ಸೋಷಿಯಾಲಜಿ, ಸೈಕಾಲಜಿ, ನರ್ಸಿಂಗ್ ಫೌಂಡೇಶನ್ ಎಲ್ಲಾ ಒಟ್ಟಿಗೆ ತಲೆ ಮೇಲೆ ಬಿತ್ತು. ಮೂತ್ರಪಿಂಡ ಏನು ಮಾಡುತ್ತದೆ ಅಂತ ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಅದನ್ನೇ ಇಂಗ್ಲಿಷಿನಲ್ಲಿ ಎರಡು ಪುಟ ಬರಿ ಅಂದರೆ ಮೂರನೇ ಸಾಲಿಗೆ ಪೆನ್ನು ನಿಲ್ಲುತ್ತಿತ್ತು. ಆ ಗಾಬರಿಯಲ್ಲಿ ಒಂದು ಮೆಸೇಜ್ ಗ್ರೂಪಿನಲ್ಲಿ ಯಾರೋ ಹಾಕಿದ್ದ "ಎಲ್ಲಾ ಸಬ್ಜೆಕ್ಟ್ ನೋಟ್ಸ್, 349 ರೂಪಾಯಿ" ನೋಡಿದ ತಕ್ಷಣ ಕ್ಯೂಆರ್ ಕೋಡಿಗೆ ದುಡ್ಡು ಹಾಕಿಬಿಟ್ಟೆ. ನಾಲ್ಕು ಫೈಲ್ ಬಂತು. ಎರಡು ತೆರೆಯಲೇ ಇಲ್ಲ. ಒಂದು ಯಾರದ್ದೋ ರೆಕಾರ್ಡ್ ಪುಸ್ತಕದ ಫೋಟೊ, ಪುಟದ ಮೇಲೆ ಟೀ ಲೋಟದ ಕಲೆ ಸಮೇತ. ಇನ್ನೊಂದು ಜಿಎನ್ಎಂ ಅನ್ನುವ ಡಿಪ್ಲೊಮಾ ಕೋರ್ಸಿನದ್ದು, ನನ್ನ ಸಿಲೆಬಸ್ಸೇ ಅಲ್ಲ. ಕೇಳೋಣ ಅಂತ ನೋಡಿದರೆ ಗ್ರೂಪೇ ಇಲ್ಲ. 1930ಕ್ಕೆ ಫೋನ್ ಮಾಡಿ ಸೈಬರ್ ದೂರು ಕೊಡು ಅಂತ ಅಣ್ಣ ಹೇಳಿದ. 349 ರೂಪಾಯಿಗೆ ಏನು ದೂರು ಅಂತ ನಾಚಿಕೆಯಾಗಿ ಸುಮ್ಮನಾದೆ. ಮಾಡಬೇಕಿತ್ತು.

ಹಾಗಂತ ನೆಟ್ಟಿನಲ್ಲಿ ಬಿಟ್ಟಿ ಸಿಗುವುದೇ ಸಾಕು ಅಂತಲೂ ನಾನು ಹೇಳುವುದಿಲ್ಲ. ಅಲ್ಲೂ ಒಂದು ಸಲ ಏಟು ತಿಂದಿದ್ದೇನೆ.

ಮೂರನೇ ಸೆಮಿಸ್ಟರ್‌ನಲ್ಲಿ ಮೆಡಿಕಲ್ ವಾರ್ಡ್ ಪೋಸ್ಟಿಂಗ್. ಕಾಫಿ ತೋಟದ ಲೈನ್ ಮನೆಯಿಂದ ಬಂದ ಅಜ್ಜ ಒಬ್ಬರು, ನಾಲ್ಕು ದಿನದ ಜ್ವರ, ನಾಲಿಗೆ ಒಣಗಿತ್ತು. 500 ಎಂಎಲ್ ನಾರ್ಮಲ್ ಸಲೈನ್, ನಾಲ್ಕು ಗಂಟೆಯಲ್ಲಿ ಹೋಗಬೇಕು ಅಂತ ಆರ್ಡರ್. ಇನ್‌ಚಾರ್ಜ್ ಸಿಸ್ಟರ್ ನನ್ನ ಕಡೆ ತಿರುಗಿ, "ನಿಮಿಷಕ್ಕೆ ಎಷ್ಟು ಡ್ರಾಪ್ಸ್?" ಅಂದರು. ಹಿಂದಿನ ರಾತ್ರಿಯಷ್ಟೇ ಒಂದು ಅಮೆರಿಕದ ವಿಡಿಯೊ ನೋಡಿದ್ದೆ. ಎಂಎಲ್ಲನ್ನು ಡ್ರಾಪ್ ಫ್ಯಾಕ್ಟರಿನಿಂದ (ಒಂದು ಎಂಎಲ್ಲಿಗೆ ಎಷ್ಟು ಹನಿ ಅನ್ನುವುದು) ಗುಣಿಸಿ ನಿಮಿಷದಿಂದ ಭಾಗಿಸು. ಅವರು 15 ಹಾಕಿದ್ದರು, ನಾನೂ 15 ಹಾಕಿದೆ. 500 ಸಲ 15, ಭಾಗ 240. "ಮೂವತ್ತೊಂದು ಸಿಸ್ಟರ್," ಅಂದೆ, ಜೋರಾಗಿಯೇ.

ಸಿಸ್ಟರ್ ಏನೂ ಹೇಳಲಿಲ್ಲ. ಟ್ರೇಯಲ್ಲಿದ್ದ ಐವಿ ಸೆಟ್ಟಿನ ಕವರ್ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಇತ್ತು, ಒಂದು ಎಂಎಲ್‌ಗೆ 20 ಡ್ರಾಪ್ಸ್. ಲೆಕ್ಕ ಮತ್ತೆ ಮಾಡಿದೆ, 42 ಬಂತು. ಆಮೇಲೆ ಅವರೇ ಚೇಂಬರ್ ಹತ್ತಿರ ವಾಚ್ ಹಿಡಿದು ನಿಂತು ಹನಿ ಎಣಿಸುವುದನ್ನು ತೋರಿಸಿದರು. ನಾನು ಹೇಳಿದ 31ಕ್ಕೆ ಬಿಟ್ಟಿದ್ದರೆ ನಾಲ್ಕು ಗಂಟೆಯ ಬಾಟಲಿ ಮುಗಿಯಲು ಐದು ಗಂಟೆ ಇಪ್ಪತ್ತು ನಿಮಿಷ ಆಗುತ್ತಿತ್ತು. ರಾತ್ರಿ ಹೋಗಿ ಆ ವಿಡಿಯೊ ತಿರುಗಿ ನೋಡಿದೆ. ಅದರಲ್ಲೂ "ಪ್ಯಾಕೆಟ್ ನೋಡಿ" ಅಂತ ಹೇಳಿದ್ದಾರೆ. ನಾನೇ ಡಬಲ್ ಸ್ಪೀಡಿನಲ್ಲಿ ಓಡಿಸಿದ್ದೆ.

ವಿಡಿಯೊದ ತಪ್ಪು ಅಲ್ಲ ಅದು. ಆದರೆ ಒಂದು ವಿಷಯ ತಲೆಗೆ ಹೋಯಿತು. ಇವೆಲ್ಲ ಬೇರೆ ಯಾರದ್ದೋ ವಾರ್ಡಿಗೆ, ಬೇರೆ ಯಾವುದೋ ಪರೀಕ್ಷೆಗೆ ಮಾಡಿದ್ದು. ಅಲ್ಲಿ ಅಸೆಟಮಿನೋಫೆನ್ ಅಂದರೆ ನಮ್ಮ ಪ್ಯಾರಾಸಿಟಮಾಲ್. ಎಪಿನೆಫ್ರಿನ್ ಅಂದರೆ ನಮ್ಮ ಅಡ್ರಿನಾಲಿನ್. ಆಲ್‌ಬ್ಯುಟೆರಾಲ್ ಅಂತ ಅರ್ಧ ದಿನ ಹುಡುಕಿದ ಮೇಲೆ ಅದು ಸಾಲ್‌ಬ್ಯುಟಮಾಲ್ ಅಂತ ಗೊತ್ತಾಯಿತು. ನೆಬ್ಯುಲೈಸರ್‌ಗೆ ನಾವು ದಿನಾ ಹಾಕುವುದೇ ಅದು!

ಹಾಗಾಗಿ ಜಾತ್ರೆ ಮುಗಿಸಿ ಬಂದ ಮೇಲೆ ಆ 6,999ರ ಆ್ಯಪನ್ನೂ ಇನ್ನೆರಡನ್ನೂ ಇಳಿಸಿಕೊಂಡು ಒಂದು ಪರೀಕ್ಷೆ ಇಟ್ಟೆ. (ಸಂಜೆ ಹೇಳುತ್ತೇನೆ ಅಂದವಳು ಹೇಳಿರಲಿಲ್ಲ. ರಾತ್ರಿ ಹನ್ನೆರಡಕ್ಕೆ ಮುಗಿಯಬೇಕಿದ್ದ ಆಫರ್ ಮಾರನೇ ವಾರವೂ ಹಾಗೇ ಇತ್ತು, ಅದು ಬೇರೆ ಮಾತು.) ಸುಮಾರಾಗಿ ಎಲ್ಲದರಲ್ಲೂ ಒಂದೆರಡು ಪಾಠ ಬಿಟ್ಟಿ ಬಿಟ್ಟಿರುತ್ತಾರೆ. ಎಲ್ಲರೂ ಗೊತ್ತಿಲ್ಲದ ಪಾಠ ಹಾಕಿ ನೋಡುತ್ತಾರೆ. ಗೊತ್ತಿಲ್ಲದ್ದನ್ನು ಯಾರು ಹೇಳಿದರೂ ಚೆನ್ನಾಗೇ ಕೇಳಿಸುತ್ತದೆ, ಅಲ್ವಾ? ನಾನು ನನ್ನ ಕೈಗೆ ಚೆನ್ನಾಗಿ ಗೊತ್ತಿರುವ ಪಾಠ ಹುಡುಕಿದೆ. ವಾರ್ಡಿನ ಕಸ.

ಆಸ್ಪತ್ರೆ ಕಸ ಬೇರೆ ಮಾಡುವುದು ನಮಗೆ ಮೊದಲ ದಿನದಿಂದ ಅಭ್ಯಾಸ. 2016ರ ನಿಯಮದ ಪ್ರಕಾರ ನಾಲ್ಕು ಬಣ್ಣ. ರಕ್ತ ಹತ್ತಿದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ. ಐವಿ ಟ್ಯೂಬು, ಕ್ಯಾತಿಟರ್, ಗ್ಲೌಸ್ ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚದ ಬಿಳಿ ಡಬ್ಬಕ್ಕೆ. ಗಾಜಿನ ವಯಲ್ ನೀಲಿಗೆ. ತಪ್ಪಿ ಹಾಕಿದರೆ ಆಯಾ ಅಮ್ಮನೇ ಕರೆದು ಬಯ್ಯುತ್ತಾರೆ, ಸಿಸ್ಟರ್ ತನಕ ಹೋಗುವುದೇ ಬೇಡ.

ಮೊದಲ ಆ್ಯಪ್ ಅಮೆರಿಕದ್ದು. ರಕ್ತ ಹತ್ತಿದ್ದನ್ನು ಕೆಂಪು ಚೀಲಕ್ಕೆ ಹಾಕಿ ಅಂತು. ಅವರ ಊರಲ್ಲಿ ಅದೇ ಸರಿ. ನಮ್ಮ ವೈವಾದಲ್ಲಿ ಹಾಗೆ ಹೇಳಿದರೆ ಮುಗೀತು. ಎರಡನೆಯದು ಇಲ್ಲಿಯದ್ದೇ, 6,999ರದ್ದು. ಅದರ ಸ್ಲೈಡಿನಲ್ಲಿ ಕಪ್ಪು ಚೀಲವೂ ಇತ್ತು. ಕಪ್ಪು ಇದ್ದದ್ದು 1998ರ ಹಳೇ ನಿಯಮದಲ್ಲಿ. 2016ರಲ್ಲೇ ಅದನ್ನು ತೆಗೆದಾಗಿದೆ. ಇಷ್ಟು ವರ್ಷವಾದರೂ ಒಂದು ಸ್ಲೈಡ್ ಬದಲಾಯಿಸದವರು ನನ್ನ ಔಷಧಿ ಡೋಸ್ ಪಾಠವನ್ನು ಬದಲಾಯಿಸಿರುತ್ತಾರಾ? ಅಲ್ಲಿಗೆ ಅಪ್ಪನ ಹನ್ನೊಂದು ಕೆಜಿ ಉಳಿಯಿತು ಅಂದುಕೊಂಡೆ. ಮೂರನೆಯದು ನಾಲ್ಕು ಬಣ್ಣವನ್ನೂ ಸರಿಯಾಗಿ ಹೇಳಿತು. ಅದನ್ನು ಇಟ್ಟುಕೊಂಡೆ.

ನನ್ನ ರೂಮ್‌ಮೇಟ್ ನಾಪೋಕ್ಲು ಕಡೆಯವಳು. ಅವಳ ಯೋಚನೆ ಬೇರೆ. ಚಿಕ್ಕಮ್ಮ ಒಬ್ಬರು ಅಮೆರಿಕದಲ್ಲಿ ನರ್ಸ್. ಇವಳೂ ಓದು ಮುಗಿಸಿ ಅಲ್ಲಿ ನರ್ಸ್ ಆಗಲು ಬೇಕಾದ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು ಹೋಗುವವಳೇ. "ನಿಂಗೆ ಬೇಡದ್ದು ನಂಗೆ ಬೇಕು ಕಣೆ," ಅಂದಳು. ನಿಜ. ಅವಳಿಗೆ ಆ ಅಮೆರಿಕದ ಆ್ಯಪ್ ಸರಿಯಾದದ್ದೇ. ಒಂದು ಪ್ರಶ್ನೆಗೆ ನಾಲ್ಕು ಉತ್ತರ, ನಾಲ್ಕೂ ಸರಿ ಅನಿಸುತ್ತದೆ, ಮೊದಲು ಯಾವ ರೋಗಿ ಹತ್ತಿರ ಹೋಗುತ್ತೀರಿ ಅಂತ ಕೇಳುತ್ತದೆ. ನಾನೂ ಆಡಿ ನೋಡಿದೆ, ಮಜಾ ಇದೆ. ಆದರೆ ಒಂದು ವರ್ಷದ ಪ್ಯಾಕ್ ಈಗ ತಗೊಂಡರೆ ಅದು ಮುಗಿಯುವ ಹೊತ್ತಿಗೆ ಅವಳು ಇನ್ನೂ ಮೂರನೇ ವರ್ಷದಲ್ಲಿ ಇರುತ್ತಾಳೆ. ಇದನ್ನು ಹೇಳಿದ್ದಕ್ಕೆ ಒಂದು ದಿನ ಮಾತು ಬಿಟ್ಟಳು. ಆಮೇಲೆ ಚಿಕ್ಕಮ್ಮನೂ ಅದನ್ನೇ ಹೇಳಿದರಂತೆ. ಮಾರನೇ ದಿನ ಮನೆಯಿಂದ ಬಂದ ಕಡಂಬುಟ್ಟಿನಲ್ಲಿ ನನಗೂ ಪಾಲು ಸಿಕ್ಕಿತು.

ನಮ್ಮ ಪರೀಕ್ಷೆ ಹಾಗಲ್ಲ. ಥಿಯರಿಗೆ ಕಾಲೇಜಿನ ಇಂಟರ್ನಲ್ 25, ಯೂನಿವರ್ಸಿಟಿ ಪರೀಕ್ಷೆ 75. ಆ 75ರಲ್ಲಿ ಕೂತು ಬರೆಯುವುದೇ ಜಾಸ್ತಿ. ಲಾಂಗ್ ಎಸ್ಸೇ, ಶಾರ್ಟ್ ಎಸ್ಸೇ, ಶಾರ್ಟ್ ಆನ್ಸರ್. ನಾನು ನೋಡಿದ ಇಲ್ಲಿಯ ಆ್ಯಪ್‌ಗಳೆಲ್ಲ ಏಮ್ಸ್‌ನ ನಾರ್ಸೆಟ್‌ಗೆ, ಅಂದರೆ ಕೆಲಸದ ಪರೀಕ್ಷೆಗೆ, ಮಾಡಿದಂಥವು. ಟಿಕ್ ಮಾಡುವುದನ್ನು ಕಲಿಸುತ್ತವೆ, ಅದೂ ಅರ್ಧ ಹಿಂದಿಯಲ್ಲಿ. ನನಗೆ ಬಾರದೇ ಇದ್ದದ್ದು ಬರೆಯುವುದು.

ಅದಕ್ಕೆ ದಾರಿ ಸಿಕ್ಕಿದ್ದು ಲೈಬ್ರರಿಯಲ್ಲಿ. ಸುಮ್ನೆ ಹಳೇ ಪೇಪರ್ ಸಿಗುತ್ತಾ ಸರ್ ಅಂತ ಕೇಳಲು ಹೋಗಿದ್ದೆ. ಲೈಬ್ರರಿ ಸರ್ ಕನ್ನಡಕದ ಮೇಲಿಂದ ನೋಡಿ, "ಯೂನಿವರ್ಸಿಟಿ ವೆಬ್‌ಸೈಟಿನಲ್ಲೇ ಇದೆಯಲ್ಲಮ್ಮ," ಅಂದರು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಅಲ್ಲಿ ಹಾಕುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆಮೇಲೆ ಅವರು ಕೇಳಿದ್ದು, "ಹೆಲಿನೆಟ್ ಲಾಗಿನ್ ತಗೊಂಡಿದ್ದೀಯಾ?" ನಾನು ಆ ಹೆಸರನ್ನೇ ಕೇಳಿರಲಿಲ್ಲ. ಯೂನಿವರ್ಸಿಟಿಗೆ ಸೇರಿದ ಕಾಲೇಜುಗಳಿಗೆಲ್ಲ ಅಂತ ಇರುವ ಆನ್‌ಲೈನ್ ಲೈಬ್ರರಿ ಅದು. ಪುಸ್ತಕ, ಜರ್ನಲ್ ಎಲ್ಲಾ ಇದೆ. ಹಾಸ್ಟೆಲ್‌ನಲ್ಲಿ ಕೂತು ಓದಬಹುದು. ಒಂದೂವರೆ ವರ್ಷ ನಾನು ಅದೇ ಲೈಬ್ರರಿಗೆ ಹೋಗಿ ಫ್ಯಾನಿನ ಕೆಳಗೆ ಜಾಗ ಹಿಡಿದು ಕೂತು ಬಂದಿದ್ದೇನೆ. ಒಂದು ದಿನವೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಹಳೇ ಪೇಪರುಗಳನ್ನು ಜೆರಾಕ್ಸ್ ಮಾಡಿಸಿದೆ. ಅದಕ್ಕೆ ಅರವತ್ತೋ ಎಪ್ಪತ್ತೋ ರೂಪಾಯಿ. ಯಾವ ಪ್ರಶ್ನೆ ತಿರುಗಿ ತಿರುಗಿ ಬರುತ್ತದೆ ಅಂತ ಗೆರೆ ಹಾಕಿ, ದಿನಕ್ಕೆ ಒಂದು ಉತ್ತರ ಬರೆದೆ. ನಮ್ಮ ಕಡೆಯವರೇ ಒಬ್ಬರು ಸೀನಿಯರ್ ಅಕ್ಕ, ಕುಶಾಲನಗರದವರು, ಅದನ್ನು ಕೆಂಪು ಪೆನ್ನಿನಲ್ಲಿ ತಿದ್ದಿದರು. "ಡೆಫಿನಿಷನ್ ಬರಿ, ಕಾರಣ ಬರಿ, ಆಮೇಲೆ ನರ್ಸ್ ಏನು ಮಾಡ್ತಾಳೆ ಅದನ್ನ ಜಾಸ್ತಿ ಬರಿ. ನೀನು ಡಾಕ್ಟರ್ ಥರ ಬರೀತಿದ್ದೀಯ," ಅಂದರು ಒಂದು ಸಲ. ಇದನ್ನು ಯಾವ ಆ್ಯಪೂ ನನಗೆ ಹೇಳಿರಲಿಲ್ಲ. ಅವರಿಗೆ ನಾನು ಕೊಟ್ಟದ್ದು ಮನೆಯ ಕಾಫಿ ಪುಡಿ, ಅರ್ಧ ಕೆಜಿ.

ಇಷ್ಟೆಲ್ಲ ಆದ ಮೇಲೂ ಒಂದು ಜಾಗದಲ್ಲಿ ಗಾಡಿ ಹೂತುಕೊಂಡಿತ್ತು. ಫಾರ್ಮಕಾಲಜಿ.

ಔಷಧಿ ಹೆಸರುಗಳನ್ನು ಉರು ಹೊಡೆದಿದ್ದೆ. ಮನೆಯಿಂದ ಹಳೇ ಮದುವೆ ಕಾರ್ಡುಗಳ ಒಂದು ಕಟ್ಟು ತಂದು, ಕತ್ತರಿಸಿ, ಹಿಂದುಗಡೆ ಬರೆದುಕೊಂಡಿದ್ದೆ. ಒಂದು ಕಡೆ ಗಣಪತಿ ಚಿತ್ರದ ಅರ್ಧ ಸೊಂಡಿಲು, ಇನ್ನೊಂದು ಕಡೆ "ಎನಾಲಪ್ರಿಲ್: ಬಿಪಿಗೆ, ಅಡ್ಡ ಪರಿಣಾಮ ಒಣ ಕೆಮ್ಮು". (ಇಂಥ ಕಾರ್ಡುಗಳನ್ನು ಪ್ರಿಂಟ್ ಮಾಡಿ 899ಕ್ಕೆ ಮಾರುತ್ತಾರೆ. ಮೇ ತಿಂಗಳಲ್ಲಿ ನಮ್ಮ ಮನೆಗೆ ಬರುವ ಮದುವೆ ಕಾರ್ಡಿನಲ್ಲಿ ಇಡೀ ಕ್ಲಾಸಿಗೆ ಮಾಡಬಹುದು.) ಹೆಸರು ಪ್ರಿಲ್ ಅಂತ ಮುಗಿದರೆ ಏಸ್ ಇನ್ಹಿಬಿಟರ್ ಗುಂಪಿನ ಮಾತ್ರೆ, ಓಲಾಲ್ ಅಂತ ಮುಗಿದರೆ ಬೀಟಾ ಬ್ಲಾಕರ್ ಗುಂಪಿನದ್ದು. ಇಷ್ಟು ಬಾಯಿಗೆ ಬರುತ್ತಿತ್ತು. ಆದರೆ ಬಿಪಿ ಮಾತ್ರೆ ತಿಂದರೆ ಕೆಮ್ಮು ಯಾಕೆ ಬರಬೇಕು? ವಾರ್ಡಿನಲ್ಲಿ ಒಬ್ಬರು ಆಂಟಿ ನನ್ನನ್ನೇ ಕೇಳಿದ್ದರು. "ಈ ಮಾತ್ರೆ ಶುರು ಮಾಡಿದ ಮೇಲೆ ಕೆಮ್ಮು ಸಿಸ್ಟರ್, ಮಂಜಿಗಾ?" ಅಂತ. ಮಡಿಕೇರಿಯಲ್ಲಿ ಎಲ್ಲದಕ್ಕೂ ಮಂಜೇ ಕಾರಣ. ನಾನು ಸಿಸ್ಟರ್‌ಗೆ ಹೇಳಿದೆ, ಡಾಕ್ಟರ್ ಬಂದು ಮಾತ್ರೆ ಬದಲಾಯಿಸಿದರು. ಆದರೆ ಯಾಕೆ ಅನ್ನುವುದು ನನಗೆ ಗೊತ್ತಿರಲಿಲ್ಲ.

ಆ ಮೂರನೇ ಆ್ಯಪಿನಲ್ಲಿ ಬಿಟ್ಟಿ ಇದ್ದ ಇನ್ನೊಂದು ಪಾಠ ಇದೇ ಆಗಿತ್ತು. ಹನ್ನೊಂದು ನಿಮಿಷ. ಮೇಡಂ ಬಿಳಿ ಬೋರ್ಡಿನ ಮೇಲೆ ನಿಧಾನವಾಗಿ ಬರೆಯುತ್ತಾ ಹೋದರು. ಏಸ್ ಅನ್ನುವ ಎಂಜೈಮಿಗೆ ಎರಡು ಕೆಲಸ. ಒಂದು, ರಕ್ತನಾಳ ಬಿಗಿ ಮಾಡುವ ಆಂಜಿಯೊಟೆನ್ಸಿನ್-2 ಅನ್ನುವುದನ್ನು ತಯಾರು ಮಾಡುವುದು. ಇನ್ನೊಂದು, ಬ್ರಾಡಿಕೈನಿನ್ ಅನ್ನುವುದನ್ನು ಒಡೆದು ಹಾಕುವುದು. ಮಾತ್ರೆ ಏಸನ್ನು ಕಟ್ಟಿಹಾಕುತ್ತದೆ. ಬಿಪಿ ಇಳಿಯುತ್ತದೆ, ಸರಿ. ಆದರೆ ಬ್ರಾಡಿಕೈನಿನ್ ಒಡೆಯುವವರು ಇಲ್ಲ. ಅದು ಅಲ್ಲೇ ಸೇರುತ್ತಾ ಹೋಗುತ್ತದೆ, ಗಂಟಲು ಕೆರೆಯುತ್ತದೆ, ಕೆಮ್ಮು. ಅಯ್ಯೋ ಇಷ್ಟೇನಾ ಅನಿಸಿತು. ಹಾಸಿಗೆ ಮೇಲೆ ಎದ್ದು ಕೂತೆ. ರೂಮ್‌ಮೇಟ್‌ನ ಎಬ್ಬಿಸಿ ಹೇಳಿದೆ. ಅವಳು ದಿಂಬು ಎಸೆದಳು.

ಆ ಮೇಡಮ್ಮಿಗೆ ದುಡ್ಡು ಕೊಡಬಹುದು ಅನಿಸಿತು. ಅವರ ಆ್ಯಪಿನಲ್ಲೂ ದೊಡ್ಡ ಪ್ಯಾಕನ್ನೇ ಮೇಲೆ ಮಿಂಚಿಸುತ್ತಿದ್ದರು. ಕೆಳಗೆ ಎಳೆದು ಎಳೆದು ನೋಡಿದಾಗ ಒಂದೇ ಸಬ್ಜೆಕ್ಟ್, ಆರು ತಿಂಗಳಿಗೆ 599 ಅಂತ ಇತ್ತು. ಕೊಳ್ಳುವ ಮೊದಲು ಇನ್ನೊಂದು ಮಾಡಿದೆ. ಇದು ನಮ್ಮ ಕೊಡಗಿನವರಿಗೆ ಮಾತ್ರ ಹೊಳೆಯುವ ಪರೀಕ್ಷೆ ಇರಬೇಕು. ಬಿಟ್ಟಿ ಪಾಠವನ್ನು ಡೌನ್‌ಲೋಡ್ ಮಾಡಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಮೂರು ದಿನ ನೋಡಿದೆ. ಜುಲೈನಲ್ಲಿ ನಮ್ಮ ಊರಿನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಬರುವುದು ಯಾವತ್ತೋ. ಟವರ್‌ನ ಡೀಸೆಲ್ ಮುಗಿದರೆ ಆ ಕಿಟಕಿಯೂ ಸತ್ತ ಹಾಗೆ. 6,999ರದ್ದು ಎರಡನೇ ದಿನವೇ "ಇಂಟರ್‌ನೆಟ್‌ಗೆ ಬಂದು ಲಾಗಿನ್ ಮಾಡಿ" ಅಂತ ಬಾಗಿಲು ಹಾಕಿಕೊಂಡಿತು. ಮೇಡಮ್ಮಿನದು ಮೂರು ದಿನವೂ ಓಡಿತು. ತಗೊಂಡೆ.

ಆ 6,999ರದ್ದರ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದರ ಬಿಟ್ಟಿ ಪಾಠ ನೋಡಲು ಒಂದು ರೂಪಾಯಿ ಕಟ್ಟಿಸಿಕೊಂಡಿದ್ದರು, ಏಳು ದಿನದ ಟ್ರಯಲ್ ಅಂತ. ಒಂದು ರೂಪಾಯಿ ತಾನೇ ಅಂತ ಪಿನ್ ಒತ್ತಿದ್ದೆ. ಆರನೇ ದಿನ ಮೆಸೇಜ್ ಬಂತು, ನಾಳೆ ನಿಮ್ಮ ಖಾತೆಯಿಂದ 6,999 ಹೋಗಲಿದೆ. ಎದೆ ಧಸಕ್ಕೆಂದಿತು. ಆ ಪಿನ್ ಒತ್ತಿದಾಗ ನಾನು ಆಟೋಪೇಗೆ ಒಪ್ಪಿದ್ದೆ. 15,000ದವರೆಗೆ ಹೀಗೆ ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಪಿನ್ ಕೇಳುವುದಿಲ್ಲ. 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಅದರಿಂದ ಬಚಾವಾದೆ. ಆ್ಯಪ್ ಅಳಿಸಿದರೆ ಇದು ಹೋಗುವುದಿಲ್ಲ. ಯುಪಿಐ ಒಳಗೆ ಆಟೋಪೇ ಅಂತ ಒಂದು ಪುಟ ಇರುತ್ತದೆ, ಅಲ್ಲಿಗೇ ಹೋಗಿ ರದ್ದು ಮಾಡಬೇಕು. ಮೊದಲ ಪಾಠ ನೋಡುವ ಮುಂಚೆಯೇ ಮಾಡಿಬಿಡಿ. ಈ ಮೆಸೇಜ್ ನಾನು ಊರಲ್ಲಿ ಇದ್ದಾಗ ಬಂದಿದ್ದರೆ ಎರಡು ದಿನ ಬಿಟ್ಟು ನೋಡುತ್ತಿದ್ದೆ.

ಅಪ್ಪನಿಗೆ ಫೋನ್ ಮಾಡಿ, 599ರದ್ದು ಒಂದು ತಗೊಂಡೆ ಅಂದೆ. "ಒಂದು ಕೆಜಿನೂ ಆಗ್ಲಿಲ್ವಲ್ಲ," ಅಂದ. ಉಳಿದ ದುಡ್ಡಿನಲ್ಲಿ ಮಳೆಗಾಲಕ್ಕೆ ಇನ್ನೊಂದು ಜೊತೆ ಬಿಳಿ ಶೂ ತಗೋ ಅಂದ. ಹೋದ ಜೂನ್‌ನಲ್ಲಿ ಒದ್ದೆ ಶೂ ಹಾಕಿಕೊಂಡು ವಾರ್ಡಿಗೆ ಹೋಗಿ ಕಾಲ್ಬೆರಳ ಸಂದಿ ಕೆತ್ತಿಹೋಗಿದ್ದನ್ನು ಅಮ್ಮ ಹೇಳಿರಬೇಕು. ತಗೊಂಡೆ. ಈಗ ಒಂದು ಜೊತೆ ಹಾಸ್ಟೆಲ್ ಕಿಟಕಿಯಲ್ಲಿ ಒಣಗುತ್ತಿರುತ್ತದೆ, ಒಂದು ಜೊತೆ ಕಾಲಲ್ಲಿ ಇರುತ್ತದೆ.

ಕಳೆದ ತಿಂಗಳು ರಜೆಗೆ ಊರಿಗೆ ಹೋದಾಗ ಮಾದಾಪುರ ದಾಟುವಾಗಲೇ ಮಳೆ ಹಿಡಿದಿತ್ತು. ಮೂರು ದಿನ ಬಿಡಲಿಲ್ಲ. ಭಾನುವಾರ ಅಪ್ಪ ಕೊಪ್ಪೆ ಬಿಚ್ಚಿ ಒಳಗೆ ಬರುವ ಹೊತ್ತಿಗೆ ಕಿಟಕಿಯಲ್ಲಿದ್ದ ನನ್ನ ಫೋನ್ ಹೊಡೆದುಕೊಂಡಿತು. ನಾನು ಒಲೆ ಹತ್ತಿರ ಬಟ್ಟೆ ಒಣಗಿಸುತ್ತಿದ್ದೆ. ಅಪ್ಪನೇ ಎತ್ತಿದ. ಅದೇ ಪ್ಯಾಕಿನವರು, ಈ ಸಲ 4,999ಕ್ಕೆ ಬಂದಿದ್ದರು.

ಅಪ್ಪ ಪೂರ್ತಿ ಕೇಳಿದ. ಆಮೇಲೆ ಯಾವೂರು ನಿಮ್ದು ಅಂತ ಕೇಳಿದ. ಅಲ್ಲಿ ಮಳೆ ಹೇಗಿದೆ ಅಂತ ಕೇಳಿದ. ಆಮೇಲೆ, "ಅಲ್ಲಪ್ಪಾ, ಕರೆಂಟಿಲ್ದೆ ಟವರಿಲ್ದೆ ನಿಮ್ಮ ಆ್ಯಪು ನಡೀತದಾ?" ಅಂದ. ಆ ಕಡೆಯಿಂದ ಏನೋ ಹೇಳುತ್ತಿದ್ದರು, ಲೈನ್ ಕಟ್ ಆಯಿತು. ಅಪ್ಪ ಎರಡು ಸಲ ಹಲೋ ಹಲೋ ಅಂದು, ಫೋನನ್ನು ತಿರುಗಿಸಿ ನೋಡಿ, ಇದ್ದ ಜಾಗದಲ್ಲೇ ಇಟ್ಟ.